ಜಾಲಿ ಬಾಯ್ ದ್ವೀಪದ ಹವಳದ ದಿಬ್ಬಗಳನ್ನು ನೋಡಲು ಹೋಗುವವರು ಏನನ್ನು ತಿಳಿದಿರಬೇಕು?

ಅಂಡಮಾನಿನ ಜಾಲಿ ಬಾಯ್ ದ್ವೀಪವು 1983ರಲ್ಲಿ ಸ್ಥಾಪನೆಯಾದ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನಕ್ಕೆ ಸೇರಿರುವುದರಿಂದ, ಅರಣ್ಯ ಇಲಾಖೆಯ ಪರವಾನಗಿಯನ್ನು ಮೊದಲೇ ಪಡೆದು ವಂಡೂರಿನಲ್ಲಿ ದೋಣಿ ಹತ್ತಬೇಕು. ಮಳೆಗಾಲದಲ್ಲಿ ಅದನ್ನು ಮುಚ್ಚಿ, ಪ್ರವಾಸಿಗರನ್ನು ಸಮೀಪದ ರೆಡ್ ಸ್ಕಿನ್ ದ್ವೀಪಕ್ಕೆ ಕರೆದೊಯ್ಯುತ್ತಾರೆ. ದಿಬ್ಬಗಳಿಗೆ ಹೀಗೆ ಬಿಡುವು ಕೊಡುವ ಕ್ರಮ ನನಗಂತೂ ವಿವೇಕದ್ದೆನಿಸುತ್ತದೆ. ಬಳಸಿ ಬಿಸಾಡುವ ಪ್ಲಾಸ್ಟಿಕ್ಕನ್ನು ಒಯ್ಯುವಂತಿಲ್ಲ. ಹವಳವು ಕಲ್ಲಿನಂತೆ ಕಂಡರೂ, ಅದು ಸುಣ್ಣದ ಗೂಡು ಕಟ್ಟಿಕೊಂಡು ಒತ್ತಾಗಿ ಬದುಕುವ ಪುಟ್ಟ ಪ್ರಾಣಿಗಳ ಸಮೂಹವಾದ್ದರಿಂದ, ಅದರ ಮೇಲೆ ಕಾಲೂರಿದರೆ ಅವುಗಳ ತೆಳುವಾದ ಮೈಪದರ ಹರಿದುಹೋಗುತ್ತದೆ ಮತ್ತು ಮುರಿದ ಕವಲು ಮರಳಿ ಬೆಳೆಯಲು ವರ್ಷಗಳೇ ಹಿಡಿಯುತ್ತವೆ. ಈಜು ಬಾರದವರು ಗಾಜಿನ ತಳದ ದೋಣಿಯಲ್ಲೇ ಕುಳಿತು ನೋಡುವುದು ಲೇಸು. ದಡದಲ್ಲಿ ಬಿದ್ದಿರುವ ಸತ್ತ ಹವಳದ ತುಂಡನ್ನೂ ಮನೆಗೆ ತರಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ.