ವಾಲಿಬಾಲ್ ಬಿಡಿಸುವ ಮೊದಲು

ಮಂಗಳೂರಿನ ಬಿಜೈಯಿಂದ ತಾಯಿಯೊಬ್ಬರು ಬರೆದಿದ್ದಾರೆ: "ಮಗ ಬಿಎಸ್ಸಿ ಎರಡನೇ ವರ್ಷ. ಸಂಜೆ ಐದೂವರೆಗೆ ವಾಲಿಬಾಲ್ ಅಂತ ಹೋದವನು ಎಂಟಕ್ಕೆ ಬರುತ್ತಾನೆ. ಕಳೆದ ಸೆಮಿಸ್ಟರಿನಲ್ಲಿ ಕೆಮಿಸ್ಟ್ರಿ ಹೋಯಿತು. ಇನ್ನು ಆಟ ಬಂದ್ ಅಂತ ಅವನ ಅಪ್ಪ. ಆಡಿದರೆ ತಲೆ ಚುರುಕಾಗುತ್ತದೆ ಅಂತ ಇವನು. ಯಾರು ಸರಿ?"

ಉತ್ತರ: ಮಗ ಹೇಳುವುದು ಅರ್ಧ ಸರಿ. ಯಜಮಾನರ ಆರ್ಡರ್ ಮಾತ್ರ ನನಗೆ ಒಪ್ಪಿಗೆ ಇಲ್ಲ.

ಬೆವರು ಹರಿಯುವಷ್ಟು ಆಡಿದಾಗ ಮಿದುಳಿಗೆ ರಕ್ತ ಜಾಸ್ತಿ ಹೋಗುತ್ತದೆ, ನರಕೋಶಗಳಿಗೆ ಬೇಕಾದ ಬಿಡಿಎನ್‌ಎಫ್ ಎಂಬ ಪ್ರೋಟೀನ್ ಕೂಡ ಹೆಚ್ಚುತ್ತದೆ, ಆಡಿ ಬಂದ ಮೇಲೆ ಸ್ವಲ್ಪ ಹೊತ್ತು ಓದಿನಲ್ಲಿ ಮನಸ್ಸು ಚೆನ್ನಾಗಿ ನಿಲ್ಲುತ್ತದೆ. ಆದರೆ ಸ್ಮ್ಯಾಶ್ ಹೊಡೆದ ಮಾತ್ರಕ್ಕೆ ಕೆಮಿಸ್ಟ್ರಿ ಬರುತ್ತದಾ? ಕಾಲೇಜು ಮಕ್ಕಳ ಮೇಲೆ ನಡೆದ ಅಧ್ಯಯನಗಳೂ ಒಂದೇ ಮಾತು ಹೇಳುವುದಿಲ್ಲ. ಕೆಲವದರಲ್ಲಿ ಆಡುವವರಿಗೆ ಮಾರ್ಕ್ ತುಸು ಜಾಸ್ತಿ, ಕೆಲವದರಲ್ಲಿ ವ್ಯತ್ಯಾಸವೇ ಇಲ್ಲ. ಜಾಸ್ತಿ ಬಂದಲ್ಲೂ ಅದು ಆಟದಿಂದಲೇ ಬಂತು ಅನ್ನುವುದು ಕಷ್ಟ. ಟೈಮಿಗೆ ಸರಿಯಾಗಿ ಗ್ರೌಂಡಿಗೆ ಹೋಗುವ ಹುಡುಗ ಟೈಮಿಗೆ ಓದಲಿಕ್ಕೂ ಕೂತಿರುತ್ತಾನೆ, ಅಲ್ವಾ?

ಅಮೆರಿಕದ ಎಂಐಟಿಯಲ್ಲಿ ಜೆಫ್ರಿ ಗ್ರಾಸ್‌ಮನ್ ಎಂಬ ಪ್ರೊಫೆಸರ್ ತಮ್ಮ ಕ್ಲಾಸಿನ (ಅದೂ ಕೆಮಿಸ್ಟ್ರಿಯೇ!) ಸುಮಾರು 100 ವಿದ್ಯಾರ್ಥಿಗಳ ಕೈಗೆ ಫಿಟ್‌ಬಿಟ್ (ಓಡಾಟ, ನಿದ್ದೆ ಎಲ್ಲ ಲೆಕ್ಕ ಹಾಕುವ ವಾಚಿನಂಥ ಪಟ್ಟಿ) ಕಟ್ಟಿಸಿದರು. ವ್ಯಾಯಾಮಕ್ಕೂ ಮಾರ್ಕಿಗೂ ಏನು ನಂಟು ಅಂತ ನೋಡುವುದು ಅವರ ಲೆಕ್ಕಾಚಾರ. ಆ ನಂಟು ಕಾಣಲೇ ಇಲ್ಲ. ಕಂಡದ್ದು ನಿದ್ದೆಯ ನಂಟು. 2019ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ, ಹುಡುಗರ ಮಾರ್ಕಿನ ಏರುಪೇರಿನ ಹತ್ತಿರ ಹತ್ತಿರ ಕಾಲು ಭಾಗ ನಿದ್ದೆಯ ಜೊತೆ ತಾಳೆಯಾಯಿತು. ಪರೀಕ್ಷೆಯ ಹಿಂದಿನ ರಾತ್ರಿ ಮಾತ್ರ ಚೆನ್ನಾಗಿ ಮಲಗಿದ್ದರಿಂದ ಏನೂ ಆಗಲಿಲ್ಲ, ಅದಕ್ಕೂ ಮೊದಲಿನ ವಾರ, ತಿಂಗಳು ಹೇಗೆ ಮಲಗಿದ್ದರು ಅನ್ನುವುದೇ ಲೆಕ್ಕಕ್ಕೆ ಬಂತು.

ಈಗ ನಿಮ್ಮ ಪತ್ರದ ಕೊನೆಯ ಸಾಲಿಗೆ ಬನ್ನಿ. ರಾತ್ರಿ ಎರಡಕ್ಕೆ ನೀರು ಕುಡಿಯಲು ಎದ್ದರೂ ಅವನ ಕೋಣೆಯ ಬಾಗಿಲ ಸಂದಿಯಲ್ಲಿ ಮೊಬೈಲ್ ಬೆಳಕು ಕಾಣುತ್ತದೆ ಅಂತ ಸುಮ್ನೆ ಬರೆದುಬಿಟ್ಟಿದ್ದೀರಿ. ಪತ್ರ ಅಲ್ಲಿಂದಲೇ ಶುರುವಾಗಬೇಕಿತ್ತು ಮಾರಾಯ್ರೆ!

ಸಂಜೆಯ ಲೆಕ್ಕವನ್ನೂ ಒಮ್ಮೆ ಕೇಳಿ. ಗ್ರೌಂಡಿನಲ್ಲಿ ಲೈಟ್ ಇಲ್ಲ ಅಂತೀರಿ. ಹಾಗಾದರೆ ಏಳರ ಮೇಲೆ ಯಾರೂ ಬಾಲ್ ಮುಟ್ಟುವುದಿಲ್ಲ. ಉಳಿದ ಒಂದು ಗಂಟೆ ಕಟ್ಟೆ ಮೇಲೆ ಪಟ್ಟಾಂಗ, ನಡುವೆ ಒಂದು ಪ್ಲೇಟ್ ಗೋಬಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷದ ಚಟುವಟಿಕೆ. ಐದು ದಿನ ಒಂದೊಂದು ಗಂಟೆ ಆಡಿದರೆ ಅಲ್ಲಿಗೆ ಆಯಿತು. ಮಳೆಗಾಲದಲ್ಲಿ ಗ್ರೌಂಡ್ ಕೆಸರಾದರೆ ಕೊಡೆ ಹಿಡಿದು ಕದ್ರಿ ಗುಡ್ಡ ಹತ್ತಿ ಇಳಿಯಲಿ, ನಿಮಗೆ ಹತ್ತಿರವೇ ಉಂಟು.

ಬಂದ್ ಮಾಡಿದರೆ ಏನಾಗುತ್ತದೆ ಅಂತ ನನಗೆ ಗೊತ್ತು. ಉಡುಪಿಯಲ್ಲಿ ನಮ್ಮ ಬಾಡಿಗೆ ಮನೆ ಅಜ್ಜರಕಾಡು ಮೈದಾನದ ಪಕ್ಕದಲ್ಲೇ ಇತ್ತು. ಡಿಗ್ರಿ ಕೊನೆಯ ವರ್ಷ ಅಪ್ಪ ನನ್ನ ಬ್ಯಾಟನ್ನು ಅಟ್ಟಕ್ಕೆ ಹಾಕಿದರು. ದಿನಾ ಐದರಿಂದ ಏಳು ಮೇಜಿನ ಮುಂದೆ ಕೂತೆ. ಟಪ್ ಅಂತ ಸದ್ದು ಕೇಳಿದಾಗಲೆಲ್ಲ ಸಿಕ್ಸೋ ಕ್ಯಾಚೋ ಅಂತ ಕಿವಿ ಕಿಟಕಿಯ ಹೊರಗೆ. ಅಕೌಂಟ್ಸ್ ಪುಸ್ತಕದ ಒಂದೇ ಪುಟ ಎಷ್ಟು ದಿನ ತೆರೆದಿತ್ತೋ, ಅಂಚೆಲ್ಲ ಬೆರಳಿನ ಬೆವರಿಗೆ ಹಳದಿಯಾಗಿತ್ತು.

ಆಟ ಇರಲಿ. ಏಳೂಕಾಲಕ್ಕೆ ಮನೆಯಲ್ಲಿರಬೇಕು ಅನ್ನಿ, ಹನ್ನೊಂದಕ್ಕೆ ಫೋನ್ ಹಾಲಿನಲ್ಲಿ ಚಾರ್ಜಿಗೆ ಹಾಕಿಸಿ. ಪಕ್ಕದಲ್ಲೇ ಯಜಮಾನರ ಫೋನೂ ಇದ್ದರೆ ಮಗ ಜಾಸ್ತಿ ವಾದ ಮಾಡಲಿಕ್ಕಿಲ್ಲ.