'ಗಣರಾಜ್ಯ ವಿರೋಧಿ' ಅಂದ್ರೆ ಯಾರು ಸ್ವಾಮಿ?

ನಮಸ್ಕಾರ. ನೀವು ಕಳ್ಸಿದ್ದ 'ಗಣರಾಜ್ಯ ವಿರೋಧಿಗಳು' ಲೇಖನ ಎರಡು ಸಲ ಓದ್ದೆ, ಈಗಿರೋ ಹಾಗೆ ಹಾಕಕ್ಕಾಗಲ್ಲ. ಬೇಜಾರ್ ಮಾಡ್ಕೋಬೇಡಿ, ಬರವಣಿಗೇಲಿ ಓಟ ಇದೆ, ನೇಪಾಳದ ಭಾಗ ಅಂತೂ ಸಲೀಸಾಗಿ ಓದಿಸ್ಕೊಂಡು ಹೋಗತ್ತೆ, ಎಡವಟ್ಟಾಗಿರೋದು ಶೀರ್ಷಿಕೇಲಿರೋ ಆ ಪದದಲ್ಲೇ.

ರಾಜ, ರಾಜನ ಮಗ ಅಂತ ವಂಶದ ಲೆಕ್ಕದಲ್ಲಿ ಯಾರೂ ದೇಶದ ಮುಖ್ಯಸ್ಥರಾಗಬಾರದು ಅನ್ನೋದು ಗಣರಾಜ್ಯ. ಅದು ಬೇಡ, ರಾಜನೇ ಇರಲಿ ಅನ್ನೋನು ಗಣರಾಜ್ಯ ವಿರೋಧಿ. ನೀವು ಎರಡನೇ ಪ್ಯಾರಾದಲ್ಲೇ ಅವನನ್ನ ಪ್ರಜಾಪ್ರಭುತ್ವ ವಿರೋಧಿ ಮಾಡ್ಬಿಟ್ಟಿದೀರ. ಬ್ರಿಟನ್ನಲ್ಲಿ ರಾಜನೂ ಇದಾನೆ ಎಲೆಕ್ಷನ್ನೂ ನಡೆಯತ್ತಲ್ರೀ.

2008ರ ಮೇ 28ಕ್ಕೆ ಕಠ್ಮಂಡುವಿನ ಸಂವಿಧಾನ ಸಭೇಲಿ ಗಣರಾಜ್ಯದ ಪರ 560 ವೋಟು ಬಿತ್ತು, ವಿರುದ್ಧ ಬರೀ 4. ಆ ನಾಲ್ವರನ್ನ ನೀವು 'ಪ್ರಜಾಪ್ರಭುತ್ವದ ಶತ್ರುಗಳು' ಅಂದಿದೀರ, ಅವ್ರ ಪಕ್ಷದ ಹೆಸರೇ ರಾಷ್ಟ್ರೀಯ ಪ್ರಜಾತಂತ್ರ ಪಾರ್ಟಿ ನೇಪಾಳ! ಹೆಸರಿಟ್ಕೊಂಡ ಮಾತ್ರಕ್ಕೆ ಸಾಚಾ ಆಗಲ್ಲ, ಒಪ್ತೀನಿ, ಆದ್ರೆ ನೇಪಾಳಿಯಲ್ಲಿ ಗಣತಂತ್ರ ಬೇರೆ ಪ್ರಜಾತಂತ್ರ ಬೇರೆ ಅನ್ನೋದು ಆ ಬೋರ್ಡ್ ನೋಡಿದ್ರೇ ಗೊತ್ತಾಗತ್ತೆ, ನಿಮ್ಮ ಇಡೀ ಲೇಖನ ಅಲ್ಲಿಂದಾನೇ ಶುರುವಾಗಬೋದಿತ್ತು.

ಬ್ರಿಟನ್ ರಾಣಿಯನ್ನ ಬಿಟ್ಟು ಗಣರಾಜ್ಯ ಆಗೋಣ್ವಾ ಅಂತ ಕೇಳಿದ್ದ ಆಸ್ಟ್ರೇಲಿಯಾದ 1999ರ ಜನಮತಗಣನೇಲಿ 'ಬೇಡ' ಅಂದ ಸುಮಾರು ಶೇ 55 ಜನರೂ ಆ ರಾಣಿಯ ಭಕ್ತರು ಅಂತ ಬರ್ದಿದೀರ. ಅಲ್ಲ. ಅಲ್ಲಿ ಮುಂದಿಟ್ಟಿದ್ದು ಅಧ್ಯಕ್ಷರನ್ನ ಪಾರ್ಲಿಮೆಂಟೇ ಆರಿಸೋ ಮಾಡೆಲ್ಲು, ನಾವೇ ನೇರವಾಗಿ ಆರಿಸ್ಬೇಕು ಅಂತಿದ್ದ ಎಷ್ಟೋ ಗಣರಾಜ್ಯವಾದಿಗಳೇ ಅದಕ್ಕೆ ನೋ ಅಂದ್ರು.

ಕೊನೇಲಿ ಅಮೆರಿಕದ ಡೆಮಾಕ್ರಾಟರನ್ನೂ ಇದೇ ಪಟ್ಟಿಗೆ ಸೇರಿಸಿದ್ದು ನೋಡಿ ಟೀ ಲೋಟ ಕೆಳಗಿಟ್ಟೆ. ಅವರು ವಿರೋಧಿಸೋದು ರಿಪಬ್ಲಿಕನ್ ಪಕ್ಷಾನ, ಗಣರಾಜ್ಯಾನ ಅಲ್ಲ. ಇಂಗ್ಲಿಷಲ್ಲಿ 'ರಿಪಬ್ಲಿಕನ್' ಪದದ ಮೊದಲ 'ಆರ್' ದೊಡ್ಡಕ್ಷರ ಆದ್ರೆ ಪಕ್ಷ, ಚಿಕ್ಕದಾದ್ರೆ ಗಣರಾಜ್ಯದ ತತ್ವ, ನಮ್ಮ ಲಿಪೀಲಿ ಆ ಸೌಲಭ್ಯ ಇಲ್ಲ, ಅದಕ್ಕೇ 'ರಿಪಬ್ಲಿಕನ್ ಪಕ್ಷದ ವಿರೋಧಿಗಳು' ಅಂತ ಬಿಡಿಸಿ ಬರೀಬೇಕು.

ಆ ಪ್ಯಾರಾ ಕಿತ್ಹಾಕಿ. ನೇಪಾಳದ್ದು ಇನ್ನೊಂದು ಪುಟ ಬೆಳೆಸಿ, ಶೀರ್ಷಿಕೆ 'ರಾಜನೇ ಇರಲಿ ಅಂದವರು' ಅಂತಿರಲಿ. ಭಾನುವಾರದೊಳಗೆ ಕಳ್ಸಿ, ದಯವಿಟ್ಟು ಯೂನಿಕೋಡಲ್ಲಿ, ಆ ಹಳೇ ಫಾಂಟಿನ ಫೈಲ್ ತೆಗೆಯಕ್ಕೇ ನನಗೆ ಅರ್ಧ ದಿನ ಹೋಯ್ತು.