ಸಂಜೆ ಆರರ ಹೊತ್ತಿಗೊಂದು ಜೀವ

ಮದ್ದೂರು ತಾಲ್ಲೂಕಿನ ಓದುಗರೊಬ್ಬರು ಬರೆದ ನಾಲ್ಕು ಪುಟದ ಪತ್ರ ಹೋದ ವಾರ ಕೈಸೇರಿತು. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಪತ್ರದ ಸಾರ ಇಷ್ಟು. ಯಜಮಾನರು ಹದಿನೆಂಟು ವರ್ಷ ಕುಡಿದವರು. ಮದ್ಯವರ್ಜನ ಶಿಬಿರಕ್ಕೆ ಹೋಗಿಬಂದು ನಾಲ್ಕು ತಿಂಗಳಾಯಿತು, ಒಂದು ತೊಟ್ಟೂ ಮುಟ್ಟಿಲ್ಲ. ಆದರೆ ಮಾತಿಲ್ಲ, ನಿದ್ದೆಯಿಲ್ಲ. ಸಂಜೆಯಾದರೆ ಜಗಲಿಯಿಂದ ಹಿತ್ತಿಲಿಗೆ, ಹಿತ್ತಿಲಿಂದ ಜಗಲಿಗೆ ಓಡಾಡುತ್ತಾರೆ. ಬೆಂಗಳೂರಿನಲ್ಲಿರುವ ಮಗ, "ಎಮೋಷನಲ್ ಸಪೋರ್ಟ್ ಅನಿಮಲ್ ಅಂತ ಇರುತ್ತೆ, ಮನಸ್ಸಿಗೆ ಆಸರೆಯಾಗೋ ಸಾಕುಪ್ರಾಣಿ, ಒಂದು ಲ್ಯಾಬ್ರಡಾರ್ ಮರಿ ತರೋಣ, ಆನ್‌ಲೈನಲ್ಲಿ ಸರ್ಟಿಫಿಕೇಟೂ ಸಿಗುತ್ತೆ" ಎನ್ನುತ್ತಾನೆ. ಯಜಮಾನರು ತಾವಾಗಿ ಕೇಳಿದ್ದು ಒಂದು ಬಂಡೂರು ತಳಿಯ ಕುರಿಮರಿ. ಅತ್ತೆಯವರದು ಒಂದೇ ಮಾತು: "ಕುಡುಕನ್ನ ನೋಡ್ಕಂಡಿದ್ದೇ ಸಾಕಾಗದೆ, ಇನ್ನು ನಾಯಿ ಬೇರೆ ಕೇಡಾ?" ಕೊನೆಗೆ ಆಕೆ ಕೇಳಿದ್ದಾರೆ: "ಮೂಕಪ್ರಾಣಿ ಮನುಷ್ಯನ ಕುಡಿತ ಬಿಡಿಸ್ತದಾ ಸಾರ್? ಸುಳ್ಳು ಹೇಳಬೇಡಿ."

ಅಮ್ಮ, ಸುಳ್ಳು ಹೇಳುವುದಿಲ್ಲ. ಬಿಡಿಸುವುದಿಲ್ಲ. ಆದರೆ ಬಿಟ್ಟವರಿಗೆ ದಿನದ ಒಂದು ಗಂಟೆಯನ್ನು ದಾಟಿಸಬಲ್ಲದು. ಆ ಗಂಟೆ ಯಾವುದೆಂದು ನಿಮ್ಮ ಪತ್ರದಲ್ಲೇ ಇದೆ. ಸಂಜೆ.

ಪಾಂಡವಪುರದ ಕಡೆ ನಮ್ಮ ಚಿಕ್ಕಪ್ಪ ಒಬ್ಬರಿದ್ದರು. ಪ್ಯಾಕೆಟ್ ಸಾರಾಯಿಯ ಕಾಲದಲ್ಲಿ ಶುರು ಮಾಡಿದವರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಾಗ ಇನ್ನಾದರೂ ಬಿಡುತ್ತಾರೆಂದು ಮನೆಯವರೆಲ್ಲ ದೇವರಿಗೆ ಕಾಯಿ ಒಡೆದೆವು. ಅವರು ಕ್ವಾರ್ಟರ್‌ಗೆ ಹೋದರು. ಕೊನೆಗೆ ಆಸ್ಪತ್ರೆ ಸೇರಿ, ಬಿಟ್ಟು ಮನೆಗೆ ಬಂದ ದಿನ ಚಿಕ್ಕಮ್ಮ ಬುದ್ಧಿ ಹೇಳಲಿಲ್ಲ, ಅಳಲೂ ಇಲ್ಲ. ಹಾಲು ಕರೆಯುವ ತಂಬಿಗೆಯನ್ನು ಮುಂದಿಟ್ಟು, "ಸಂಜೆ ಹಾಲು ಇನ್ಮೇಕೆ ನಿಮ್ದು" ಎಂದರು, ಅಷ್ಟೇ.

ಕುಡಿದು ಬಂದ ದಿನಗಳಲ್ಲಿ ಆ ಸೀಮೆಹಸು ಚಿಕ್ಕಪ್ಪನನ್ನು ಹತ್ತಿರ ಸೇರಿಸುತ್ತಿರಲಿಲ್ಲ, ಒದೆಯುತ್ತಿತ್ತು. ಮೊದಲ ಸಂಜೆ ನಾನು ಅಲ್ಲೇ ಇದ್ದೆ. ಬೆರಳು ಇನ್ನೂ ನಡುಗುತ್ತಿದ್ದವು. ಕರು ಬಿಟ್ಟರು, ಕೆಚ್ಚಲು ತೊಳೆದರು, ಕುಕ್ಕರಗಾಲಲ್ಲಿ ಕೂತು ಹಸುವಿನ ಪಕ್ಕೆಗೆ ಹಣೆ ಆನಿಸಿಕೊಂಡರು. ಹಸು ಸೊರೆ ಬಿಡಲಿಲ್ಲ, ಎಂದರೆ ಹಾಲು ಇಳಿಸಲಿಲ್ಲ. ಅರ್ಧ ಗಂಟೆ ಹಾಗೇ ಕೂತಿದ್ದರು. ಕರು ಬಂದು ಅವರ ಅಂಗೈಯ ಬೆವರನ್ನು ನೆಕ್ಕುತ್ತಿತ್ತು, ಕೈ ಹಿಂದೆಗೆಯಲಿಲ್ಲ. ಎರಡನೇ ದಿನವೂ ಅದೇ, ಮೂರನೆಯ ದಿನವೂ ಅದೇ, ಚಿಕ್ಕಮ್ಮನೇ ಹೋಗಿ ಹಾಲು ಕರೆದರು. ನಾಲ್ಕನೆಯ ಸಂಜೆ ತಂಬಿಗೆಯ ತಳಕ್ಕೆ ಸರ್ ಎಂದು ಹಾಲು ಬಿದ್ದ ಸದ್ದು ಹಟ್ಟಿಯಿಂದ ನಡುಮನೆಗೆ ಕೇಳಿಸಿತು. ಚಿಕ್ಕಮ್ಮ ರಾಗಿ ಮುದ್ದೆ ತೊಳಸುತ್ತಿದ್ದವರು ಕೋಲು ಹಿಡಿದೇ ನಿಂತುಬಿಟ್ಟರು.

ಡೇರಿಗೆ ಹೋಗುವ ದಾರಿಯಲ್ಲೇ ವೈನ್ ಸ್ಟೋರ್. ಹಳೇ ಜೊತೆಗಾರರೆಲ್ಲ ಅಲ್ಲೇ. ಆದರೆ ಕ್ಯಾನು ಹಿಡಿದು ಬಿರಬಿರನೆ ಹೋಗುವವನನ್ನು ಯಾರೂ ನಿಲ್ಲಿಸಿ ಕರೆಯಲಿಲ್ಲ. ತಡವಾದರೆ ಡೇರಿ ಬಾಗಿಲು ಹಾಕುತ್ತದೆ, ಹಾಲು ಕೆಡುತ್ತದೆ, ಅದು ಎಲ್ಲರಿಗೂ ಗೊತ್ತಿರುವ ವಿಷಯ. ಡೇರಿಯವನು ಡಿಗ್ರಿ ನೋಡಿ ಕಾರ್ಡಿನಲ್ಲಿ ಬರೆದುಕೊಟ್ಟ ಅಂಕಿಯನ್ನು ಚಿಕ್ಕಪ್ಪ ಮನೆಗೆ ತಂದು ಎಲ್ಲರಿಗೂ ತೋರಿಸುತ್ತಿದ್ದರು. ಬಾರಿನ ಹೊತ್ತನ್ನು ಹಸು ತನ್ನ ಹೊತ್ತು ಮಾಡಿಕೊಂಡಿತ್ತು.

ಇದರಲ್ಲಿ ವಿಜ್ಞಾನವೂ ಇದೆ. ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತಕ್ಕೆ ಇಳಿದಾಗ ಹಸು ಸೊರೆ ಬಿಡುತ್ತದೆ. ಬೆದರಿದರೆ, ನಂಬಿಕೆಯಿಲ್ಲದ ಕೈ ತಾಗಿದರೆ ಬಿಡದು. ಅದೇ ಹಾರ್ಮೋನು ನಮ್ಮಲ್ಲೂ ಇದೆ. ನಾಯಿಯೂ ಅದನ್ನು ಸಾಕಿದವರೂ ಒಬ್ಬರ ಕಣ್ಣನ್ನೊಬ್ಬರು ನೋಡುತ್ತ ಕೂತಾಗ ಇಬ್ಬರಲ್ಲೂ ಅದು ಏರುತ್ತದೆಂದು ಜಪಾನಿನ ಸಂಶೋಧಕರು 2015ರಲ್ಲಿ ತೋರಿಸಿದರು. ಅಮೆರಿಕದ ಮನೋವಿಜ್ಞಾನಿ ಬೋರಿಸ್ ಲೆವಿನ್ಸನ್ 1960ರ ದಶಕದಲ್ಲೇ ತಮ್ಮ ನಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮಾತೇ ಆಡದ ಮಕ್ಕಳಿಗೆ ಚಿಕಿತ್ಸೆ ಕೊಡುತ್ತಿದ್ದರು. ಪ್ರಾಣಿಯ ಸಂಗದಿಂದ ಆತಂಕ ಇಳಿಯಬಹುದು, ಒಂಟಿತನ ಕಡಿಮೆಯಾಗಬಹುದು, ಇಷ್ಟನ್ನು ನಂಬಬಹುದು. ಕುಡಿತ ಮತ್ತೆ ಹತ್ತದಂತೆ ಅದೊಂದೇ ಕಾಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಸರ್ಟಿಫಿಕೇಟಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಆ ಕಾಗದ ಹುಟ್ಟಿದ್ದು ಅಮೆರಿಕದಲ್ಲಿ. ಅಲ್ಲಿ ಬಾಡಿಗೆ ಮನೆಯ ಕಾನೂನಿನಲ್ಲಿ ಇಂಥ ಪ್ರಾಣಿಗೆ ಒಂದು ಸ್ಥಾನವಿದೆ. ವಿಮಾನಗಳಲ್ಲಿ ಇದ್ದ ವಿಶೇಷ ಸೌಲಭ್ಯವನ್ನು 2021ರಿಂದ ವಿಮಾನ ಕಂಪನಿಗಳು ಕೊಡಲೇಬೇಕೆಂದಿಲ್ಲ. ನಮ್ಮ ದೇಶದ ಕಾನೂನಿನಲ್ಲಿ ಆ ಹೆಸರಿನ ಪ್ರಾಣಿಯೇ ಇಲ್ಲ. ಮೈಸೂರಿನಲ್ಲಿ ಅಪಾರ್ಟ್‌ಮೆಂಟುಗಳಲ್ಲಿರುವ ಓದುಗರಿಗೂ ಇಲ್ಲೇ ಹೇಳಿಬಿಡುತ್ತೇನೆ: ನಿವಾಸಿಗಳ ಸಂಘ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಅದಕ್ಕೆ ಸರ್ಟಿಫಿಕೇಟು ಬೇಕಿಲ್ಲ.

ಇನ್ನು ಕುರಿಮರಿ. ಯಜಮಾನರು ಬಾಯಿಬಿಟ್ಟು ಏನನ್ನಾದರೂ ಕೇಳಿದ್ದೇ ದೊಡ್ಡದು, ಅದನ್ನು ತಳ್ಳಿಹಾಕಬೇಡಿ. ಆದರೆ ಟಗರು ಮರಿ ಬೇಡ. ನಮ್ಮ ಕಡೆ ಟಗರು ಸಾಕಿದರೆ ಅದರ ದಾರಿ ಎಲ್ಲಿಗೆಂದು ನಿಮಗೆ ನಾನು ಹೇಳಬೇಕೆ? ಮಾರಿಹಬ್ಬ, ಇಲ್ಲವೆ ಸಂತೆ. ಆರು ತಿಂಗಳು ಕೈಯಾರೆ ಹುಲ್ಲು ತಿನ್ನಿಸಿದ ಮರಿ ಕಡಿತಕ್ಕೆ ಹೋಗುವ ದಿನವೇ ಊರತುಂಬ ಬಾಡೂಟ, ಬಾಡೂಟದ ಹಿಂದೆ ಬಾಟಲಿ. ಒಂದೇ ದಿನ ಸಂಕಟ, ಕೈಯಲ್ಲಿ ದುಡ್ಡು, ಪಕ್ಕದಲ್ಲಿ ಕುಡಿಯುವವರು, ಮೂರೂ ಸೇರಿದರೆ ಎಂಥ ಗಟ್ಟಿಗನೂ ಜಾರುತ್ತಾನೆ. ತಂದರೆ ತಳಿಗೆ ಉಳಿಸಿಕೊಳ್ಳುವ ಹೆಣ್ಣು ಮರಿ ತನ್ನಿ. ಎರಡು ತನ್ನಿ, ಕುರಿ ಒಂಟಿಯಾಗಿ ಬದುಕುವ ಪ್ರಾಣಿಯಲ್ಲ, ರಾತ್ರಿಯೆಲ್ಲ ಅರಚುತ್ತದೆ.

ಲ್ಯಾಬ್ರಡಾರ್ ತರುವ ಮಗನ ಮನಸ್ಸು ದೊಡ್ಡದು. ಆದರೆ ಎರಡು ತಿಂಗಳ ನಾಯಿಮರಿ ರಾತ್ರಿ ನಾಲ್ಕು ಸಲ ಎಬ್ಬಿಸುತ್ತದೆ. ನಿದ್ದೆಯೇ ಬಾರದವರಿಗೆ ಈಗ ಅದು ಬೇಡ. ಅದು ಬದುಕುವುದು ಹತ್ತು ಹನ್ನೆರಡು ವರ್ಷ, ಅಷ್ಟೂ ಕಾಲ ಅದರ ಊಟ, ಔಷಧಿ ಯಾರ ತಲೆಗೆ ಬರುತ್ತದೆ? ಅತ್ತೆಯವರು ಒರಟಾಗಿ ಆಡಿದರೂ ಅವರ ಭಯ ಸರಿಯಾಗಿದೆ. ಅದು ನಿಮ್ಮ ತಲೆಗೇ ಬರುತ್ತದೆ. ಹಾಗಾಗಿ ಯಾವ ಪ್ರಾಣಿಯಾದರೂ ಸರಿ, ಯಜಮಾನರಿಗೆ ಆಗದ ದಿನ ನೋಡಿಕೊಳ್ಳುವವರು ಯಾರೆಂದು ಮೊದಲೇ ಮಾತಾಡಿಕೊಳ್ಳಿ. ಅದು ನೀವೇ ಆಗಬೇಕೆಂದಿಲ್ಲ.

ನಿಮ್ಮ ಪತ್ರದ ಮೂರನೆಯ ಪುಟದಲ್ಲಿ, ಅಂಚಿನಲ್ಲಿ, ಒಂದು ಸಾಲಿದೆ: "ಬೀದಿ ನಾಯಿ ಒಂದು ಜಗಲಿ ಮೇಲೆ ಅವರ ಕಾಲ ಹತ್ರಾನೇ ಮಲಗ್ತದೆ, ಕುಡೀತಿದ್ದಾಗಲೂ ಮಲಗ್ತಿತ್ತು, ಓಡಿಸಿದ್ರೂ ಹೋಗಲ್ಲ." ಅಮ್ಮ, ಮಗ ಹುಡುಕುತ್ತಿರುವುದು ಆಗಲೇ ನಿಮ್ಮ ಜಗಲಿಯ ಮೇಲಿದೆ. ಸರ್ಟಿಫಿಕೇಟಿನ ದುಡ್ಡಲ್ಲಿ ಅದಕ್ಕೆ ಪಶುವೈದ್ಯರಿಂದ ರೇಬೀಸ್ ಲಸಿಕೆ, ಜಂತುಹುಳದ ಮಾತ್ರೆ ಹಾಕಿಸಿ, ಲಸಿಕೆಯನ್ನು ವರ್ಷವರ್ಷ ಮರೆಯಬೇಡಿ. ಕಚ್ಚಿದರೆ, ಪರಚಿದರೆ ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು, ಸಾಕಿದ ನಾಯಿಯಾದರೂ ಸರಿ. ಸಂಜೆ ಆರಕ್ಕೆ ಅದರ ಮುದ್ದೆ ಯಜಮಾನರ ಕೈಯಿಂದಲೇ ಬೀಳಲಿ, ಆಮೇಲೆ ನಾಲೆ ಏರಿಯ ಮೇಲೆ ಇಬ್ಬರೂ ಒಂದು ಸುತ್ತು ಹೋಗಿಬರಲಿ.

ನಿದ್ದೆಯಿಲ್ಲದಿರುವುದು, ಮಾತಿಲ್ಲದಿರುವುದು ನಾಯಿಗೆ ಬಿಡುವ ವಿಷಯವಲ್ಲ. ಬಿಟ್ಟು ತಿಂಗಳುಗಳಾದ ಮೇಲೂ ನಿದ್ದೆ ಕೆಡುವುದುಂಟು, ಅದರ ಹಿಂದೆ ಖಿನ್ನತೆಯೂ ಇರಬಹುದು, ಅದಕ್ಕೆ ಔಷಧಿ ಇದೆ. ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಾಗಲಿ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಾಗಲಿ ಮನೋವೈದ್ಯರಿಗೆ ತೋರಿಸಿ. ಹೋಗಲಾಗದ ರಾತ್ರಿ 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ನೀವೂ ಮಾಡಿ. ಹದಿನೆಂಟು ವರ್ಷ ಹೊತ್ತವರು ನೀವು, ಪತ್ರದಲ್ಲಿ ನಿಮ್ಮ ಬಗ್ಗೆ ಒಂದು ಸಾಲೂ ಇಲ್ಲ.

ನಮ್ಮ ಚಿಕ್ಕಪ್ಪನೂ ಒಮ್ಮೆ ಜಾರಿದರು. ಎರಡನೇ ವರ್ಷ, ಒಂದು ಮದುವೆಯಲ್ಲಿ. ಆ ಸಂಜೆ ಚಿಕ್ಕಮ್ಮ ಹಾಲು ಕರೆದರು, ಬೆಳಿಗ್ಗೆ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು, ಮರುದಿನ ತಂಬಿಗೆಯನ್ನು ಮತ್ತೆ ಅವರ ಮುಂದಿಟ್ಟರು. ನಿಮ್ಮಲ್ಲೂ ಅಂಥ ದಿನ ಬಂದರೆ "ನಾಯಿಗಿರೋ ನಿಯತ್ತೂ ನಿಮಗಿಲ್ಲ" ಎಂಬ ಮಾತು ಮಾತ್ರ ಯಾರ ಬಾಯಿಂದಲೂ ಬಾರದಿರಲಿ, ಅತ್ತೆಯವರಿಗೂ ಹೇಳಿಡಿ. ಆ ಮಾತಾಡಿದ ಮೇಲೆ ಅವರು ಆ ನಾಯಿಯ ಮುಖ ನೋಡಲಾರರು.

ನಾಯಿಯ ಹೆಸರು ನೀವು ಬರೆದಿಲ್ಲ. ಯಜಮಾನರನ್ನು ಕೇಳಿ ನೋಡಿ. ಯಾರಿಗೂ ಕೇಳದ ಹಾಗೆ ಅವರು ಆಗಲೇ ಒಂದು ಹೆಸರು ಹಿಡಿದು ಕರೆಯುತ್ತಿರಬಹುದು.

— ಸಂಪಾದಕ